ಆಟಿ ಅಮಾವಾಸ್ಯೆಯ ಹಾಲೆ ಕಷಾಯ: ಬೀದಿ ಮರದ ತೊಗಟೆ ಆಗ್ತದಾ?

ಪುತ್ತೂರಿನ ಅಳಿಯ:
ನಾನು ಹಾಸನದವನು, ಹೆಂಡತಿಯ ಮನೆ ಪುತ್ತೂರು. ಪ್ರತಿ ವರ್ಷ ಆಟಿ ಅಮಾವಾಸ್ಯೆಯ (ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆ) ಬೆಳಿಗ್ಗೆ ಅತ್ತೆ ಕೊಡುವ ಹಾಲೆ ಮರದ ಕಷಾಯ ಕುಡಿದು ಮುಖ ಕಿವುಚುತ್ತೇನೆ. ಈ ಸಲ ರಜೆ ಸಿಕ್ಕಿಲ್ಲ. ಬೆಂಗಳೂರಲ್ಲಿ ನಮ್ಮ ಬೀದಿಯಲ್ಲೇ ಆ ಮರ ಇದ್ದ ಹಾಗಿದೆ. ಫ್ಯಾಮಿಲಿ ಗ್ರೂಪಿಗೆ ಬಂದ ಮೆಸೇಜ್ ಪ್ರಕಾರ ಆ ದಿನ ತೊಗಟೆಯಲ್ಲಿ ಸಾವಿರದೊಂದು ಔಷಧಿ ಇರುತ್ತವೆ, ಕ್ಯಾನ್ಸರ್ ಹತ್ತಿರ ಸುಳಿಯಲ್ಲ. ನಾನೇ ಕೆತ್ತಿ ಕುಡಿಯಬಹುದಾ?

ತೋಟದವ:
ಧಾರಾಳವಾಗಿ ಕುಡಿಯಿರಿ ಮಾರಾಯ್ರೆ. ಆದರೆ ಕತ್ತಿ ಮುಟ್ಟಿಸಬೇಡಿ, ಕಲ್ಲಲ್ಲೇ ಜಜ್ಜಿ ತೆಗೆಯಬೇಕು. ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು ರಸ ಹಿಂಡಿ, ಕೆಂಪಗೆ ಕಾಯಿಸಿದ ಬಿಳಿ ಕಲ್ಲನ್ನು ಅದರೊಳಗೆ ಬಿಡಬೇಕು. ಚುಂಯ್ ಅಂತ ಹೊಗೆ ಎದ್ದರೆ ಕಷಾಯ ಆಯಿತು. ಕಷಾಯ ಹೀಟು, ಹಾಗಾಗಿ ಮೇಲೊಂದು ಮೆಂತೆ ಗಂಜಿ ಬೇಕೇ ಬೇಕು. ನಮ್ಮ ಅಜ್ಜ ತೊಂಬತ್ತು ದಾಟಿದವರು, ಒಂದು ವರ್ಷವೂ ತಪ್ಪಿಸಿದವರಲ್ಲ.

ಕೆಮಿಸ್ಟ್ರಿ ಮೇಷ್ಟ್ರು:
ಅಜ್ಜ ತೊಂಬತ್ತು ದಾಟಿದ್ದು ಕಷಾಯದಿಂದಲೋ, ದಿನಾ ಗುಡ್ಡ ಹತ್ತಿ ಇಳಿದದ್ದರಿಂದಲೋ? ಇರಲಿ. ತೊಗಟೆಯಲ್ಲಿ ಸರಕು ಇರುವುದು ನಿಜ. ಎಕಿಟಮೈನ್ ಅದರ ಮುಖ್ಯ ಆಲ್ಕಲಾಯ್ಡ್, ಅಂದರೆ ಗಿಡಗಳಲ್ಲಿರುವ ಸಾರಜನಕದ ಸಂಯುಕ್ತ. ಲುಪಿಯಾಲ್‌ನಂಥ, ನೀರಿಗೆ ಕರಗದ ಟ್ರೈಟರ್ಪೀನುಗಳೂ ಇವೆ. ಎಲೆಯಲ್ಲಿ ಪಿಕ್ರಿನೈನ್, ಸ್ಕಾಲರಿಸಿನ್ ಎಂಬ ಆಲ್ಕಲಾಯ್ಡ್‌ಗಳು ಸಿಗುತ್ತವೆ. ಚೀನಾದಲ್ಲಿ ಎಲೆಯ ಆಲ್ಕಲಾಯ್ಡ್‌ಗಳಿಂದ ಕೆಮ್ಮಿಗೆ ಕ್ಯಾಪ್ಸೂಲ್ ಮಾಡಿ ಮನುಷ್ಯರ ಮೇಲೂ ಪರೀಕ್ಷಿಸಿದ್ದಾರೆ.

ಆದರೆ ಕ್ಯಾನ್ಸರ್ ಮೆಸೇಜ್ ಹುಟ್ಟುವುದು ಹೇಗೆ ಗೊತ್ತಾ? ಲ್ಯಾಬಿನಲ್ಲಿ ತೊಗಟೆಪುಡಿಯನ್ನು ಮೆಥನಾಲ್ ಎಂಬ ದ್ರಾವಕದಲ್ಲಿ ನೆನೆಸಿ ಸಾರ ತೆಗೆದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕುತ್ತಾರೆ. ಕೋಶ ಸತ್ತರೆ ಒಂದು ಪೇಪರ್. ನಿಮ್ಮ ಲೋಟದಲ್ಲಿ ಇರುವುದು ನೀರು. ಲುಪಿಯಾಲ್ ಎಣ್ಣೆಯ ಜಾತಿಯದು, ನೀರಿಗೆ ಹೆಚ್ಚುಕಡಿಮೆ ಇಳಿಯುವುದೇ ಇಲ್ಲ. ಅಂದರೆ ಪೇಪರಿನ ಸಾರ ಬೇರೆ, ಅತ್ತೆಯ ಕಷಾಯ ಬೇರೆ.

ಕರಾವಳಿ ಹುಡುಗಿ:
ಮೇಷ್ಟ್ರೇ, ನಿತ್ಯಪುಷ್ಪದಿಂದ ಕ್ಯಾನ್ಸರ್ ಮದ್ದು ಬಂದಿಲ್ವಾ? ಹಾಲೆಯೂ ಅದೇ ಕುಟುಂಬದ್ದು.

ಕೆಮಿಸ್ಟ್ರಿ ಮೇಷ್ಟ್ರು:
ಬಂದಿದೆ, ವಿನ್‌ಕ್ರಿಸ್ಟೀನ್. ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ನಿತ್ಯಪುಷ್ಪ ಅರೆದು ಯಾರೂ ಲೋಟದಲ್ಲಿ ಕುಡಿಸುವುದಿಲ್ಲ. ಅದೇ ಕುಟುಂಬದಲ್ಲಿ ವಿಷದ ಕಣಗಿಲೆಯೂ ಉಂಟು, ಕುಡಿಯುತ್ತೀರಾ? ಮಲೇರಿಯಾದ್ದೂ ಇದೇ ಕಥೆ. ಹಾಲೆ ತೊಗಟೆಯನ್ನು ಕ್ವಿನೈನ್ ಬದಲಿಗೆ ಬಳಸಿ ನೋಡಿದ್ದಾರೆ. ಕ್ವಿನೈನ್‌ನ ಬಲ ಅದಕ್ಕಿಲ್ಲ.

ತೋಟದವ:
ಹಾಗಾದರೆ ಕಬ್ಬಿಣ ಮುಟ್ಟಿಸಬಾರದು ಅಂದದ್ದು ಸುಮ್ನೆಯಾ? ಎಳೆ ಅಡಿಕೆ ಕೊಯ್ದ ಕತ್ತಿ ಕಪ್ಪಾಗುವುದಿಲ್ವಾ?

ಕೆಮಿಸ್ಟ್ರಿ ಮೇಷ್ಟ್ರು:
ಅಣ್ಣ, ಅದು ಒಳ್ಳೆ ಪಾಯಿಂಟ್. ಒಗರಿನ ಟ್ಯಾನಿನ್ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ನನಗೆ ಇನ್ನೊಂದು ಅನಿಸುತ್ತದೆ, ಕಲ್ಲಲ್ಲಿ ಜಜ್ಜಿದರೆ ಜಾಸ್ತಿ ಆಳಕ್ಕೆ ಹೋಗಲ್ಲ, ಮರ ಉಳಿಯುತ್ತದೆ. ಆದರೆ 'ಆ ದಿನ ಮಾತ್ರ' ಅನ್ನುವುದನ್ನು ಅಳೆದೇ ಹೇಳಬೇಕು. ಒಂದೇ ಮರ, ಒಂದೇ ಎತ್ತರ, ಅಮಾವಾಸ್ಯೆಗೆ ಒಮ್ಮೆ, ಹುಣ್ಣಿಮೆಗೆ ಒಮ್ಮೆ ತೆಗೆದು ಒಣಗಿಸಿ, ಒಂದೇ ತೂಕದ ಪುಡಿಯಲ್ಲಿ ಎಕಿಟಮೈನ್ ಎಷ್ಟಿದೆ ಅಂತ ಅಳೆದು ನೋಡಿ. ಜಗಳ ಮುಗಿಯುತ್ತದೆ.

ನೈಟ್ ಶಿಫ್ಟ್ ನರ್ಸ್:
ನೀವಿಬ್ಬರೂ ಸಾರದ ಜಗಳದಲ್ಲಿ ಮರವನ್ನೇ ಮರೆತಿರಿ. ಕೆಲವು ವರ್ಷಗಳ ಹಿಂದೆ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಒಬ್ಬರನ್ನು ನಮ್ಮಲ್ಲಿಗೆ ತಂದರು. ಎಚ್ಚರ ಇತ್ತು, ಮಾತು ತಿಳಿಯುತ್ತಿತ್ತು. ಆದರೆ ಯಾರೋ ಟ್ರೇ ಬೀಳಿಸಿದರೆ ಸಾಕು, ಇಡೀ ಮೈ ಬಿಲ್ಲಿನ ಹಾಗೆ ಸೆಟೆಯುತ್ತಿತ್ತು. ಕತ್ತಲಲ್ಲಿ ಹಾಲೆ ಅಂತ ಕಾಸರಕದ ತೊಗಟೆ ತಂದಿದ್ದರು. ಅದರಲ್ಲಿರುವುದು ಸ್ಟ್ರಿಕ್ನೈನ್ ಎಂಬ ಕಡು ವಿಷ. ಪುಣ್ಯಕ್ಕೆ ಅರ್ಧ ಲೋಟ ಮಾತ್ರ ಕುಡಿದಿದ್ದರು, ಉಳಿದರು. ಆವತ್ತಿನಿಂದ ನಾನು ಯಾರಾದರೂ 'ಕಹಿ ಇದ್ದರೆ ಅದೇ ಮರ' ಅಂದರೆ ಬೈಯುತ್ತೇನೆ. ಸ್ಟ್ರಿಕ್ನೈನ್‌ನಷ್ಟು ಕಹಿ ಇನ್ನೊಂದು ಸಿಗುವುದು ಕಷ್ಟ.

ಕರಾವಳಿ ಹುಡುಗಿ:
ಅಯ್ಯೋ ಅಕ್ಕ! ಗುರುತು ಹಿಡಿಯುವುದು ಹೇಗೆ?

ತೋಟದವ:
ಹಾಲೆಗೆ ಒಂದೇ ಗೆಣ್ಣಿನ ಸುತ್ತ ಆರೇಳು ಎಲೆ, ಕೊಡೆ ಬಿಡಿಸಿದ ಹಾಗೆ. ಸಪ್ತಪರ್ಣಿ ಅನ್ನುವುದು ಅದಕ್ಕೇ. ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕಕ್ಕೆ ಎಲೆ ಎದುರುಬದುರು ಎರಡೆರಡು, ಬುಡದಿಂದಲೇ ಮೂರೋ ಐದೋ ನರ, ಹಾಲು ಇಲ್ಲ. ಹಾಲು ಒಂದನ್ನೇ ನಂಬಬೇಡಿ, ಕಣಗಿಲೆಗೂ ಹಾಲುಂಟು. ನಮ್ಮಲ್ಲಿ ಹಿಂದಿನ ದಿನ ಹಗಲು ಹೋಗಿ ಮರಕ್ಕೆ ನೂಲು ಕಟ್ಟಿ, ಬುಡದಲ್ಲಿ ಕಲ್ಲು ಇಟ್ಟು ಬರುತ್ತೇವೆ. ಹಿಂದೆ ಬಟ್ಟೆ ಇಲ್ಲದೆ ಕತ್ತಲಲ್ಲೇ ಹೋಗಿ ತರುವ ಕ್ರಮ ಇತ್ತಲ್ಲ. ಟಾರ್ಚ್ ಹಿಡಿಯುವುದಕ್ಕೂ ನಾಚಿಕೆ!

ನೈಟ್ ಶಿಫ್ಟ್ ನರ್ಸ್:
ಆ ನೂಲೇ ನಿಮ್ಮ ಇಡೀ ಕ್ರಮದ ಜೀವ ಅಣ್ಣ. ಅಳಿಯಂದಿರೇ, ಗರ್ಭಿಣಿಯರಿಗೆ, ಮಕ್ಕಳಿಗೆ ಇದು ಬೇಡ. ಸಕ್ಕರೆ, ಬಿ.ಪಿ. ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ. ಬೀದಿ ಮರದ್ದು ಬೇಡವೇ ಬೇಡ, ಅದರ ತೊಗಟೆಯಲ್ಲಿ ಊರಿನ ಹೊಗೆ, ಧೂಳು ಎಲ್ಲ ಕೂತಿರುತ್ತದೆ.

ಪುತ್ತೂರಿನ ಅಳಿಯ:
ಈಗಷ್ಟೇ ಕೆಳಗೆ ಹೋಗಿ ನೋಡಿ ಬಂದೆ. ಎಲೆ ಎರಡೆರಡೇ ಇವೆ! ಯಾವ ಮರವೋ ಏನೋ. ಅತ್ತೆಗೆ ಫೋನ್ ಮಾಡಿದೆ, ಬಿದ್ದು ಬಿದ್ದು ನಕ್ಕರು. ಕಷಾಯ ಕಳಿಸುವುದಿಲ್ಲವಂತೆ, ಮೆಂತೆ ಗಂಜಿ ಮಾಡಿ ಕುಡಿ ಸಾಕು ಅಂದರು. ಅಕ್ಕಿಗೆ ಮೆಂತೆ ಎಷ್ಟು ಹಾಕಬೇಕು, ಯಾರಾದರೂ ಹೇಳಿ.