ನಾರ್ದರ್ನ್ ಸೋಲ್ ಕೂಟಗಳಲ್ಲಿ ಮೂಲ ತಟ್ಟೆಯನ್ನೇ ಹಾಕಬೇಕೆಂಬ ನಿಯಮ: ಹೊಸಬರು ಏನು ಮಾಡಬೇಕು?

ಹೊಸಕೇಳುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಉತ್ತರ ಇಂಗ್ಲೆಂಡಿಗೆ ಕೆಲಸಕ್ಕೆಂದು ಬಂದ ಮೇಲೆ ನಾರ್ದರ್ನ್ ಸೋಲ್ ಸಂಗೀತದ, ಅಂದರೆ ಇಲ್ಲಿನ ಕ್ಲಬ್ಬುಗಳಲ್ಲಿ ಕುಣಿಯಲು ಹಾಕುವ 1960ರ ದಶಕದ ಅಮೆರಿಕದ ಕರಿಯರ ಹಾಡುಗಳ, ಪರಿಚಯವಾಗಿ, ಈಗ ಅದರ ಏಳು ಅಂಗುಲದ, ನಿಮಿಷಕ್ಕೆ 45 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳನ್ನು ಸಂಗ್ರಹಿಸುತ್ತಿದ್ದೇನೆ. ಮುಂದಿನ ತಿಂಗಳು ನಡೆಯಲಿರುವ ಒಂದು ಸಣ್ಣ ಕೂಟದಲ್ಲಿ ಅರ್ಧ ಗಂಟೆ ತಟ್ಟೆ ಹಾಕುವ ಅವಕಾಶ ಒದಗಿಬಂದಿದೆ. ಆದರೆ ಹಾಡು ಮೊದಲು ಹೊರಬಂದಾಗ ಅಚ್ಚಾದ ಮೂಲಮುದ್ರಣಗಳನ್ನು ಮಾತ್ರ ತರಬೇಕು, ಮರುಮುದ್ರಣವನ್ನಾಗಲಿ ಸಿ.ಡಿ.ಯನ್ನಾಗಲಿ ಕಂಪ್ಯೂಟರಿನಲ್ಲಿರುವ ಹಾಡನ್ನಾಗಲಿ ಬಳಸುವಂತಿಲ್ಲ ಎಂದು ಸಂಘಟಕರು ಸ್ಪಷ್ಟವಾಗಿ ತಿಳಿಸಿದ್ದಾರೆ.

ನನ್ನಲ್ಲಿರುವ ತಟ್ಟೆಗಳಲ್ಲಿ ಅರ್ಧದಷ್ಟು ಪರವಾನಗಿ ಪಡೆದು ಹೊರತಂದ ಮರುಮುದ್ರಣಗಳು. ಕಿವಿಗೆ ಅದೇ ಹಾಡು ಕೇಳಿಸುವಾಗ ತಟ್ಟೆ ಯಾವ ವರ್ಷದಲ್ಲಿ ಅಚ್ಚಾಯಿತು ಎಂಬುದಕ್ಕೆ ಇಷ್ಟು ಮಹತ್ವ ಏಕೆ ಎಂಬುದು ನನ್ನ ಮೊದಲ ಪ್ರಶ್ನೆ. ಇನ್ನು ಮೂಲಪ್ರತಿ ಎಂದು ಮಾರುವವರ ಬಳಿ ಕಳ್ಳಮುದ್ರಣವನ್ನು ಗುರುತಿಸುವುದು ಹೇಗೆ, ಅಮೆರಿಕದ ಹಳೆಯ ತಟ್ಟೆಗಳು ಮುಳ್ಳು ಕೂರಿಸಿದಷ್ಟೂ ಸವೆಯುತ್ತವೆ ಎಂಬ ಮಾತು ನಿಜವೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಬಿಬದಿ

ನಮಸ್ಕಾರ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ. ಈ ನಿಯಮವನ್ನು ಹಣವಂತರ ಜಂಭ ಎಂದು ತಳ್ಳಿಹಾಕುವವರು ಬಹಳ ಮಂದಿ ಇದ್ದಾರೆ. ಆದರೆ ಅದು ಹುಟ್ಟಿದ ಸನ್ನಿವೇಶವನ್ನು ತಿಳಿದರೆ ಹಾಗೆ ಅನ್ನಿಸಲಾರದು ಎಂಬುದು ನನ್ನ ನಂಬಿಕೆ.

ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್ ಕ್ಲಬ್ 1963ರಲ್ಲಿ ಆರಂಭವಾಗಿ 1971ರಲ್ಲಿ ಮುಚ್ಚಿತು. ಅಲ್ಲಿ ರಾತ್ರಿಯಿಡೀ ಕುಣಿಯುತ್ತಿದ್ದ ಯುವಜನರು ಮೆಚ್ಚಿದ್ದು 1960ರ ದಶಕದ ನಡುಭಾಗದ ಡೆಟ್ರಾಯ್ಟ್ ಮತ್ತು ಷಿಕಾಗೋ ಶೈಲಿಯ ಸೋಲ್ ಸಂಗೀತವನ್ನು: ವೇಗದ ನಡೆ, ನಾಲ್ಕೂ ಪೆಟ್ಟುಗಳಿಗೆ ಸಮನಾಗಿ ಬೀಳುವ ಒತ್ತು, ಹಿಂದೆ ಪಿಟೀಲು ಮತ್ತು ಕಹಳೆಗಳ ಭರಾಟೆ, ಮುಂದೆ ನೋವು ತುಂಬಿದ ದನಿ. ಆದರೆ ಅಷ್ಟರಲ್ಲಿ ಅಮೆರಿಕದ ಕರಿಯರ ಸಂಗೀತ ಆ ದಾರಿಯನ್ನು ಬಿಟ್ಟು ಫಂಕ್ ಎಂಬ ಬೇರೆ ಶೈಲಿಯ ಕಡೆಗೆ ಹೊರಳಿತ್ತು. ಲಂಡನ್ನಿನಲ್ಲಿ ಸೋಲ್ ಸಿಟಿ ಎಂಬ ಅಂಗಡಿ ನಡೆಸುತ್ತಿದ್ದ ಡೇವ್ ಗಾಡಿನ್, ಉತ್ತರದ ಊರುಗಳಿಂದ ಬರುವ ಗಿರಾಕಿಗಳು ಹೊಸ ತಟ್ಟೆಗಳನ್ನು ಮುಟ್ಟದೆ ಕೆಲವು ವರ್ಷ ಹಳೆಯದಾದ ವೇಗದ ಹಾಡುಗಳನ್ನೇ ಕೇಳುವುದನ್ನು ಗಮನಿಸಿ ಆ ಅಭಿರುಚಿಗೆ ನಾರ್ದರ್ನ್ ಸೋಲ್ ಎಂದು ಹೆಸರಿಟ್ಟರು.

ಇಲ್ಲಿಯೇ ಈ ಲೋಕದ ವಿಚಿತ್ರ ಪರಿಸ್ಥಿತಿ ಇದೆ. ಜನರಿಗೆ ಪ್ರತಿ ವಾರವೂ ಹೊಸ ಹಾಡು ಬೇಕು, ಆದರೆ ಆ ಬಗೆಯ ಹಾಡನ್ನು ಯಾರೂ ಇನ್ನು ಮಾಡುತ್ತಿಲ್ಲ. ಹಾಗಾದರೆ ಹೊಸದು ಎಂದರೆ ಯಾರೂ ಕೇಳದೆ ಉಳಿದ ಹಳೆಯದು ಮಾತ್ರ. ಡೆಟ್ರಾಯ್ಟ್, ಲಾಸ್ ಏಂಜಲೀಸ್, ವಾಷಿಂಗ್ಟನ್ ಮುಂತಾದ ನಗರಗಳ ಸಣ್ಣ ಕಂಪನಿಗಳು ಕೆಲವೇ ನೂರು ಪ್ರತಿಗಳನ್ನು ಅಚ್ಚು ಹಾಕಿಸಿ, ರೇಡಿಯೋದವರು ಹಾಡನ್ನು ಕೈಗೆತ್ತಿಕೊಳ್ಳದೆ ಹೋದಾಗ ಸೋತು ಸುಮ್ಮನಾಗಿದ್ದವು. ಆ ಸೋತ ತಟ್ಟೆಗಳನ್ನು ಗೋದಾಮುಗಳಲ್ಲಿ, ಮುಚ್ಚಿದ ಅಂಗಡಿಗಳ ಹಿಂಬದಿಯಲ್ಲಿ ಹುಡುಕಿ ತರಲು ಇಂಗ್ಲೆಂಡಿನ ಡಿ.ಜೆ.ಗಳು ಅಟ್ಲಾಂಟಿಕ್ ದಾಟಿದರು. ಗ್ಲೋರಿಯಾ ಜೋನ್ಸ್ ಹಾಡಿದ ‘ಟೇಂಟೆಡ್ ಲವ್’ 1965ರಲ್ಲಿ ಚಾಂಪಿಯನ್ ಎಂಬ ಕಂಪನಿಯ ತಟ್ಟೆಯೊಂದರ ಹಿಂಬದಿಯಲ್ಲಿ ಬಂದು ಯಾರ ಕಣ್ಣಿಗೂ ಬೀಳದೆ ಹೋಗಿತ್ತು. ರಿಚರ್ಡ್ ಸರ್ಲಿಂಗ್ ಎಂಬ ಡಿ.ಜೆ. ಅದನ್ನು 1973ರಲ್ಲಿ ಅಮೆರಿಕದಿಂದ ತಂದು ನುಡಿಸಿದ್ದರಿಂದಲೇ ಇಂಗ್ಲೆಂಡಿನ ಕುಣಿಯುವ ನೆಲಕ್ಕೆ ಅದು ತಲುಪಿತು. 1981ರಲ್ಲಿ ಸಾಫ್ಟ್ ಸೆಲ್ ತಂಡ ಅದನ್ನು ತನ್ನದೇ ರೀತಿಯಲ್ಲಿ ಹಾಡಿದಾಗ ಅದು ಬ್ರಿಟನ್ನಿನ ಮೊದಲನೆಯ ಸ್ಥಾನಕ್ಕೇರಿತು.

ಹೀಗೆ ಕಷ್ಟಪಟ್ಟು ತಂದ ಹಾಡು ಬೇರೆ ಕ್ಲಬ್ಬಿನವರ ಪಾಲಾಗದಿರಲೆಂದು ಡಿ.ಜೆ.ಗಳು ಲೇಬಲ್ಲಿನ ಮೇಲೆ ಕಾಗದ ಅಂಟಿಸಿ ಗಾಯಕರಿಗೂ ಹಾಡಿಗೂ ಸುಳ್ಳು ಹೆಸರು ಕೊಡುತ್ತಿದ್ದರು. ಈ ಪದ್ಧತಿಗೆ ಕವರ್ ಅಪ್ ಎನ್ನುತ್ತಾರೆ. ಡೆಟ್ರಾಯ್ಟಿನ ಮೋಟೌನ್ ಎಂಬ ರೆಕಾರ್ಡ್ ಸಂಸ್ಥೆಯ ಸೋಲ್ ಎಂಬ ಶಾಖೆ 1965ರಲ್ಲಿ ಅಚ್ಚು ಹಾಕಿಸಿಯೂ ಬಿಡುಗಡೆ ಮಾಡದ ಫ್ರಾಂಕ್ ವಿಲ್ಸನ್ನರ ‘ಡೂ ಐ ಲವ್ ಯೂ’ ಹಾಡನ್ನು ವಿಗನ್ ಊರಿನ ವಿಗನ್ ಕ್ಯಾಸಿನೋ ಎಂಬ ಕುಣಿತದ ಕ್ಲಬ್ಬಿನಲ್ಲಿ ಜನ ಮೊದಲು ಕೇಳಿದ್ದು ಎಡ್ಡಿ ಫಾಸ್ಟರ್ ಎಂಬ ಹೆಸರಿನಲ್ಲಿ. ಅದರ ಒಂದು ಪ್ರತಿ 2009ರಲ್ಲಿ 25 ಸಾವಿರ ಪೌಂಡಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು, 2020ರಲ್ಲಿ ಒಂದು ಲಕ್ಷ ಪೌಂಡಿಗೆ ಕೈ ಬದಲಾಯಿಸಿತು.

ಬೆಲೆಯ ಮಾತು ಎಲ್ಲರ ಬಾಯಲ್ಲೂ ಇದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಹುಡುಕಾಟ. ಮೂಲ ತಟ್ಟೆಯನ್ನೇ ತರಬೇಕೆಂದರೆ, ಬೇರೆಯವರು ಆರಿಸಿ ಕೊಟ್ಟ ಪಟ್ಟಿಯನ್ನು ಹಿಡಿದು ಕೂರಲಾಗುವುದಿಲ್ಲ. ನೀವೇ ಪೆಟ್ಟಿಗೆಗಳನ್ನು ಜಾಲಾಡಿ, ನಿಮ್ಮ ಕಿವಿಯನ್ನೇ ನಂಬಿ, ಯಾರೂ ಹಾಕದ ಹಾಡನ್ನು ಕಂಡುಕೊಳ್ಳಬೇಕಾಗುತ್ತದೆ. ವಿಗನ್ ಕ್ಯಾಸಿನೋ 1981ರ ಡಿಸೆಂಬರಿನಲ್ಲಿ ಮುಚ್ಚಿದ ಮೇಲೆ ಈ ಸಂಗೀತ ಬದುಕಿ ಉಳಿದಿದ್ದರೆ, ಸ್ಟಾಫರ್ಡಿನ ಟಾಪ್ ಆಫ್ ದ ವರ್ಲ್ಡ್ ಹಾಗೂ ಲಂಡನ್ನಿನ 100 ಕ್ಲಬ್ ಕೂಟಗಳ ಡಿ.ಜೆ.ಗಳು ಚಿರಪರಿಚಿತ ಹಾಡುಗಳಿಗೆ ಜೋತುಬೀಳದೆ ಇನ್ನೂ ಪತ್ತೆಯಾಗದ ಹಾಡುಗಳ ಬೆನ್ನು ಹತ್ತಿದ್ದು ಅದಕ್ಕೆ ದೊಡ್ಡ ಕಾರಣ. ಆ ಹುಡುಕಾಟವನ್ನು ಕಾಪಾಡುವ ಮಟ್ಟಿಗೆ ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ.

ಮುಳ್ಳುಮೊನೆ

ಗುರುತಿಸುವ ಬಗೆ ಮತ್ತು ಸವೆತದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ.

1960ರ ದಶಕದ ಅಮೆರಿಕದ ಎಲ್ಲ 45ಗಳೂ ವಿನೈಲ್ ಎಂಬ ಬಾಗುವ ಪ್ಲಾಸ್ಟಿಕ್ಕಿನವಲ್ಲ. ಹಲವು ಕಾರ್ಖಾನೆಗಳು, ವಿಶೇಷವಾಗಿ ಲಾಸ್ ಏಂಜಲೀಸಿನ ಮೊನಾರ್ಕ್, ಪಾಲಿಸ್ಟೈರೀನ್ (ಚಿಕ್ಕದಾಗಿ ಸ್ಟೈರೀನ್) ಎಂಬ ಗಡಸು ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿನೊಳಕ್ಕೆ ನುಗ್ಗಿಸಿ ತಟ್ಟೆ ಮಾಡುತ್ತಿದ್ದವು. ವಿನೈಲ್ ತಟ್ಟೆಯಲ್ಲಿ ಕಾಗದದ ಲೇಬಲ್ ಒತ್ತುವಾಗಲೇ ತಟ್ಟೆಯೊಂದಿಗೆ ಬೆಸೆದುಕೊಳ್ಳುತ್ತದೆ; ಸ್ಟೈರೀನಿನಲ್ಲಿ ಅದನ್ನು ಆಮೇಲೆ ಅಂಟಿಸುತ್ತಾರೆ, ಆದ್ದರಿಂದ ಹಳೆಯ ಪ್ರತಿಗಳಲ್ಲಿ ಲೇಬಲ್ ಅಂಚಿನಲ್ಲಿ ಎದ್ದಿರುವುದೂ ಉಂಟು. ಸ್ಟೈರೀನ್ ಬಾಗುವುದಿಲ್ಲ, ಬಾಗಿಸಲು ಹೋದರೆ ಒಡೆಯುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಅದರ ಸದ್ದು ವಿನೈಲಿನದಕ್ಕಿಂತ ತೆಳ್ಳಗೆ, ಚುರುಕಾಗಿ ಬರುತ್ತದೆ. ಈ ವ್ಯತ್ಯಾಸ ತಿಳಿದಿದ್ದರೆ ಕಳ್ಳಮುದ್ರಣವನ್ನು ಹಿಡಿಯುವ ಅರ್ಧ ಕೆಲಸ ಮುಗಿದಂತೆ: ಮೂಲದಲ್ಲಿ ಸ್ಟೈರೀನಿನಲ್ಲಿ ಮಾತ್ರ ಬಂದ ಹಾಡು ನಿಮ್ಮ ಕೈಯಲ್ಲಿ ವಿನೈಲಾಗಿ ಇದ್ದರೆ, ಅದು 1970ರ ದಶಕದಲ್ಲಿ ಈ ಕೂಟಗಳ ಬೇಡಿಕೆಗಾಗಿಯೇ ಅಚ್ಚಾದ ನಕಲು ಎಂದು ಬಲವಾಗಿ ಶಂಕಿಸಬಹುದು.

ಉಳಿದ ಅರ್ಧ ಇರುವುದು ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ಖಾಲಿ ವರ್ತುಲದಲ್ಲಿ. ಅದನ್ನು ಓರೆ ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿ. ಮೊನಾರ್ಕ್ ಕಾರ್ಖಾನೆಯ ತಟ್ಟೆಗಳಲ್ಲಿ ಸಣ್ಣ ತ್ರಿಕೋನದ ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ; ಮಿಷಿಗನ್ ರಾಜ್ಯದ ಒವಾಸೊ ಊರಿನಲ್ಲಿದ್ದು ಮೋಟೌನ್‌ಗೆ ಅಚ್ಚು ಹಾಕಿಕೊಡುತ್ತಿದ್ದ, 1972ರಲ್ಲಿ ಬೆಂಕಿಗೆ ಆಹುತಿಯಾದ ಕಾರ್ಖಾನೆಯ ತಟ್ಟೆಗಳಲ್ಲಿ ಎ, ಆರ್, ಪಿ ಅಕ್ಷರಗಳ ಗುರುತು ಇರುತ್ತದೆ; ಬೆಲ್ ಸೌಂಡ್, ನ್ಯಾಶ್ವಿಲ್ ಮೇಟ್ರಿಕ್ಸ್ ಎಂದು ಯಂತ್ರದಿಂದ ಒತ್ತಿದ ಮುದ್ರೆಗಳೂ ಆಗಾಗ ಸಿಗುತ್ತವೆ. ಮೂಲದಲ್ಲಿ ಯಂತ್ರದಿಂದ ಒತ್ತಿದ ಮುದ್ರೆ ಇರಬೇಕಾದ ಜಾಗದಲ್ಲಿ ಕೈಯಿಂದ ಗೀಚಿದ ಸಂಖ್ಯೆ ಮಾತ್ರ ಕಂಡರೆ ಖರೀದಿಯನ್ನು ನಿಲ್ಲಿಸಿ. ಹಾಗೆಂದು ಗೀಚಿದ ಬರಹವೆಲ್ಲ ನಕಲಿನ ಲಕ್ಷಣವಲ್ಲ. ಸಣ್ಣ ಕಂಪನಿಗಳ ಅಸಲಿ ತಟ್ಟೆಗಳಲ್ಲೂ ಕೈಬರಹವಿರುತ್ತದೆ. ಆದ್ದರಿಂದ ಆಯಾ ತಟ್ಟೆಯ ಮೂಲಪ್ರತಿಯಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿದುಕೊಂಡು ಹೋಲಿಸಿ ನೋಡುವುದೊಂದೇ ನಂಬಬಹುದಾದ ಮಾರ್ಗ. ಲೇಬಲ್ಲಿನ ಅಕ್ಷರಗಳು ಮಸುಕಾಗಿರುವುದು, ಗೆರೆಗಳು ದಪ್ಪಗೆ ಹರಡಿಕೊಂಡಿರುವುದು ಕೂಡ ಛಾಯಾಚಿತ್ರದಿಂದ ನಕಲು ಮಾಡಿದ ಸೂಚನೆ.

ಸವೆತದ ಮಾತು ನಿಜ. ಸ್ಟೈರೀನ್ ಗಡಸಾದರೂ ಪೆಡಸು. ಮುಳ್ಳು ಸವೆದಿದ್ದರೆ ಅಥವಾ ಭಾರ ಹೆಚ್ಚಾಗಿದ್ದರೆ ತಟ್ಟೆಯ ಗೀರಿನ ಗೋಡೆ ಪುಡಿಯಾಗಿ, ಹಾಡಿನ ಹಿಂದೆ ಮರಳು ಉಜ್ಜಿದಂಥ ಸದ್ದು ಶಾಶ್ವತವಾಗಿ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಹಾಡಿನ ಮೊದಲ ಸ್ವರವನ್ನು ಹಿಡಿಯಲು ತಟ್ಟೆಯನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ಆಡಿಸುವ ಅಭ್ಯಾಸ. ವಿನೈಲ್ ಅದನ್ನು ಒಂದಿಷ್ಟು ತಡೆದುಕೊಳ್ಳುತ್ತದೆ, ಸ್ಟೈರೀನ್ ತಡೆಯುವುದಿಲ್ಲ. ಅಂಚಿನ ಖಾಲಿ ಜಾಗದಲ್ಲಿ ಮುಳ್ಳನ್ನು ಇಳಿಸಿ, ತಟ್ಟೆ ತಾನಾಗಿ ತಿರುಗಿ ಹಾಡಿಗೆ ಬರುವಂತೆ ಬಿಡಿ. ನಾರ್ದರ್ನ್ ಸೋಲ್ ಕೂಟದಲ್ಲಿ ಎರಡು ಹಾಡುಗಳ ನಡುವೆ ಕ್ಷಣಕಾಲ ಮೌನವಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ, ಇಲ್ಲಿ ತಾಳಕ್ಕೆ ತಾಳ ಬೆಸೆಯುವ ಪದ್ಧತಿಯೇ ಇಲ್ಲ. ಗುಂಡುಮೊನೆಯ ಮುಳ್ಳು ಸ್ಟೈರೀನಿಗೆ ಹೆಚ್ಚು ಹೊಂದುತ್ತದೆ. ಕ್ಲಬ್ಬಿನಲ್ಲಿರುವ ಮುಳ್ಳು ಎಷ್ಟು ಹಳೆಯದೋ ಗೊತ್ತಿರುವುದಿಲ್ಲವಾದ್ದರಿಂದ ಮುಳ್ಳನ್ನು ಹಿಡಿದಿಡುವ ಕಾರ್ಟ್ರಿಜ್ ಅನ್ನು ನಿಮ್ಮದೇ ಒಯ್ಯುವುದು ಒಳ್ಳೆಯದು. ಅಮೆರಿಕದ ತಟ್ಟೆಗಳ ನಡುವಿನ ದೊಡ್ಡ ತೂತಿಗೆ ಅಡಾಪ್ಟರ್ ಬೇಕೆಂಬುದನ್ನೂ ಮರೆಯಬೇಡಿ. ಸ್ವಚ್ಛಗೊಳಿಸಲು ಅಸಿಟೋನ್‌ನಂತಹ ದ್ರಾವಕವನ್ನು ಹತ್ತಿರಕ್ಕೂ ತರಬೇಡಿ, ಸ್ಟೈರೀನ್ ಕರಗಿಹೋಗುತ್ತದೆ.

ಕುಣಿವನೆಲ

ಬಿಬದಿ ಅವರ ಮಾತಿನ ಬಗ್ಗೆ ನನಗೆ ಗೌರವವಿದೆ, ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬಯಸುತ್ತೇನೆ.

ಇಂದು ಪವಿತ್ರವೆಂದು ಭಾವಿಸುವ ಈ ನಿಯಮವನ್ನು ಆ ಕಾಲದ ಕ್ಲಬ್ಬುಗಳೇ ಪೂರ್ತಿಯಾಗಿ ಪಾಲಿಸಿರಲಿಲ್ಲ. ವಿಗನ್ ಕ್ಯಾಸಿನೋದಲ್ಲಿ ಕಳ್ಳಮುದ್ರಣಗಳನ್ನೂ, ಎಮಿಡಿಸ್ಕ್ ಎಂದು ಕರೆಯುತ್ತಿದ್ದ, ಅಲ್ಯೂಮಿನಿಯಂ ಹಾಳೆಯ ಮೇಲೆ ಲ್ಯಾಕರ್ ಬಳಿದು ಒಂದೊಂದಾಗಿ ಕೊರೆಸಿದ ತಟ್ಟೆಗಳನ್ನೂ ನುಡಿಸಿದ್ದುಂಟು. ಅಲ್ಲಿ ಬೆಳಗಿನ ಎಂಟು ಗಂಟೆಗೆ ಮೊದಲು, ಪ್ರತಿ ರಾತ್ರಿಯೂ ಅದೇ ಮೂರು ಹಾಡುಗಳಿಂದ ಕೂಟವನ್ನು ಮುಗಿಸುತ್ತಿದ್ದರು. ಟೋಬಿ ಲೆಜೆಂಡ್, ಜಿಮ್ಮಿ ರ‍್ಯಾಡ್‌ಕ್ಲಿಫ್, ಡೀನ್ ಪ್ಯಾರಿಷ್ ಅವರ ಆ ಹಾಡುಗಳಿಗೆ ಕಣ್ಣು ತುಂಬಿಕೊಂಡು ಕುಣಿದವರಿಗೆ ತಟ್ಟೆಯ ಮುದ್ರಣ ಯಾವುದೆಂಬ ಚಿಂತೆ ಇದ್ದಿರಲಾರದು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಸಾವಿರಾರು ಪೌಂಡಿಗೆ ಮಾರಾಟವಾಗುವ ಮೂಲ ತಟ್ಟೆಯಿಂದ ಹಾಡಿದವರಿಗೆ ಬಿಡಿಗಾಸೂ ಸಿಗುವುದಿಲ್ಲ. ಹಣವೆಲ್ಲ ಒಬ್ಬ ಸಂಗ್ರಾಹಕರಿಂದ ಇನ್ನೊಬ್ಬರಿಗೆ ಹೋಗುತ್ತದೆ. ಕಳ್ಳಮುದ್ರಣದಿಂದಲೂ ಅವರಿಗೆ ಏನೂ ಸಿಗಲಿಲ್ಲ. ಆದರೆ 1982ರಲ್ಲಿ ಏಸ್ ಎಂಬ ರೆಕಾರ್ಡ್ ಸಂಸ್ಥೆ ಆರಂಭಿಸಿದ ಕೆಂಟ್ ಎಂಬ ಶಾಖೆಯಂಥವರು ಹಕ್ಕುದಾರರಿಂದ ಪರವಾನಗಿ ಪಡೆದು ಮರುಮುದ್ರಣ ಮಾಡಿದರು, ಅಮೆರಿಕದ ಕಂಪನಿಗಳ ಕಪಾಟುಗಳಲ್ಲಿ ಬಿಡುಗಡೆಯಾಗದೆ ಉಳಿದಿದ್ದ ಧ್ವನಿಸುರುಳಿಗಳನ್ನು ಹೊರತೆಗೆದರು. ಇಂಥ ಹಾಡಿಗೆ 1960ರ ದಶಕದ ತಟ್ಟೆಯೇ ಇಲ್ಲ. ಮೂಲಮುದ್ರಣ ಮಾತ್ರ ಎಂದು ಹಟ ಹಿಡಿದರೆ ಅದನ್ನು ಯಾವ ನೆಲದ ಮೇಲೂ ಕೇಳಿಸುವಂತಿಲ್ಲ. ಹುಡುಕಾಟವೇ ಮುಖ್ಯ ಎನ್ನುವುದಾದರೆ, ಧ್ವನಿಸುರುಳಿಯಲ್ಲಿ ಮಲಗಿದ್ದ ಹಾಡನ್ನು ಎಬ್ಬಿಸಿ ತಂದವರೂ ಹುಡುಕಾಟವನ್ನೇ ಮಾಡಿದ್ದಾರೆ.

ಹೊಸಕೇಳುಗ ಅವರೇ, ಆ ಕೂಟಕ್ಕೆ ಹೋದಾಗ ಸಂಘಟಕರ ಮಾತನ್ನು ಖಂಡಿತ ಪಾಲಿಸಿ, ಅದು ಅವರ ಮನೆ. ಆದರೆ ಮರುಮುದ್ರಣಗಳನ್ನು ಕೀಳೆಂದು ಭಾವಿಸಬೇಡಿ.

ಹೊಸಕೇಳುಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ತಟ್ಟೆಗಳನ್ನೆಲ್ಲ ಓರೆ ಬೆಳಕಿಗೆ ಹಿಡಿದು ನೋಡಿದೆ. ಎರಡರಲ್ಲಿ ತ್ರಿಕೋನದ ಗುರುತು ಸ್ಪಷ್ಟವಾಗಿದೆ, ಲೇಬಲ್ ಕೂಡ ಅಂಟಿಸಿದ್ದೇ. ಇನ್ನುಳಿದಿರುವುದು ಒಂದೇ ಪ್ರಶ್ನೆ. ನನ್ನಲ್ಲಿರುವ ಮೂಲಪ್ರತಿಗಳು ಯಾವುವೂ ದುರ್ಲಭವಲ್ಲ, ಅಮೆರಿಕದಲ್ಲಿ ಜನಪ್ರಿಯವಾಗಿದ್ದ ಹಾಡುಗಳೇ. ಅನುಭವಿಗಳ ಮುಂದೆ ಅವನ್ನು ಹಾಕಿದರೆ ನಡೆಯುತ್ತದೆಯೇ?

ಬಿಬದಿ

ಧಾರಾಳವಾಗಿ ನಡೆಯುತ್ತದೆ. ಡೋಬಿ ಗ್ರೇ ಅವರ ‘ದಿ ಇನ್ ಕ್ರೌಡ್’, ಎಡ್ವಿನ್ ಸ್ಟಾರ್ ಅವರು ರಿಕ್ ಟಿಕ್ ಕಂಪನಿಗೆ ಹಾಡಿದ ‘ಏಜೆಂಟ್ ಡಬಲ್ ಓ ಸೋಲ್’, ಜಾಕಿ ಲೀ ಅವರು ಮಿರ್‌ವುಡ್‌ಗೆ ಹಾಡಿದ ‘ದ ಡಕ್’, ಇವೆಲ್ಲ 1965ರ ಸುಮಾರಿಗೆ ಬಂದು ಅಮೆರಿಕದಲ್ಲಿ ಚೆನ್ನಾಗಿ ಮಾರಾಟವಾದವು. ಹೆಚ್ಚು ಅಚ್ಚಾದ್ದರಿಂದಲೇ ಇಂದಿಗೂ ಕೈಗೆಟಕುವ ಬೆಲೆಗೆ ಸಿಗುತ್ತವೆ. ಷಿಕಾಗೋದ ಮೇಜರ್ ಲ್ಯಾನ್ಸ್ ತಮ್ಮ ನಾಡಿನಲ್ಲಿ ಹೆಸರು ಮಾಡಿದ್ದ ಗಾಯಕರು. 1972ರಲ್ಲಿ ಅವರು ಸ್ಟೋಕ್ ನಗರದ ಗೋಲ್ಡನ್ ಟಾರ್ಚ್ ಕ್ಲಬ್ಬಿಗೆ ಬಂದು ಹಾಡಿದ ರಾತ್ರಿಯನ್ನು ಜನ ಈಗಲೂ ನೆನೆಯುತ್ತಾರೆ. ಅವರು ಓಕೆ ಎಂಬ ಕಂಪನಿಗೆ ಹಾಡಿದ ತಟ್ಟೆಗಳೂ ದುಬಾರಿಯಲ್ಲ.

ಕುಣಿವನೆಲ ಅವರು ಎತ್ತಿದ ಧ್ವನಿಸುರುಳಿಯ ಮಾತಿಗೆ ನನ್ನ ಬಳಿ ಎದುರುತ್ತರವಿಲ್ಲ. ಹಾಗೆ ಮೊದಲ ಬಾರಿಗೆ ಬೆಳಕು ಕಂಡ ಹಾಡಿನ ಮಟ್ಟಿಗೆ, ಅದು ಮೊದಲು ಅಚ್ಚಾದ ತಟ್ಟೆಯನ್ನೇ ಮೂಲಪ್ರತಿಯೆಂದು ಪರಿಗಣಿಸುವುದು ನ್ಯಾಯ ಎಂದು ನನಗೂ ತೋರುತ್ತದೆ. ನಿಮ್ಮಲ್ಲಿ ಅಂಥ ತಟ್ಟೆಯೇನಾದರೂ ಇದ್ದರೆ ಸಂಘಟಕರಿಗೆ ಮೊದಲೇ ಪತ್ರ ಬರೆದು ಕೇಳಿ, ಒಪ್ಪಿದರೆ ಒಯ್ಯಿರಿ.

ಅರ್ಧ ಗಂಟೆಗೆ ಹತ್ತು ಹನ್ನೆರಡು ಹಾಡುಗಳು ಸಾಕು, ಏಕೆಂದರೆ ಈ ಹಾಡುಗಳಲ್ಲಿ ಹೆಚ್ಚಿನವು ಮೂರು ನಿಮಿಷವನ್ನು ದಾಟುವುದಿಲ್ಲ. ಪರಿಚಿತವಾದವುಗಳ ನಡುವೆ, ನೀವು ಹೊಂದಿರುವ ತಟ್ಟೆಗಳ ಹಿಂಬದಿಯಲ್ಲಿ ನಿಮಗೆ ನಿಜವಾಗಿ ಇಷ್ಟವಾದ ಒಂದೆರಡು ಹಾಡುಗಳನ್ನು ಸೇರಿಸಿ. ಹೊರಡುವ ಮುನ್ನ ಎರಡೂ ಬದಿಗಳನ್ನು ಕೊನೆಯವರೆಗೆ ಕೇಳಿಕೊಳ್ಳಿ. ಯಾರಾದರೂ ಹತ್ತಿರ ಬಂದು ಇದು ಯಾವ ಹಾಡು ಎಂದು ಕೇಳಿದರೆ ಲೇಬಲ್ಲನ್ನು ಮುಚ್ಚಿಡದೆ ತೋರಿಸಿ.