ರಘು, ಶನಿವಾರ ಆ ಕ್ಯಾಮರೋಗೆ ಅಡ್ವಾನ್ಸ್ ಕೊಡಬೇಡ

ರಘು, ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ ಫೋಟೋ ಎಲ್ಲಾ ನೋಡಿದೆ. ಕಿತ್ತಳೆ ಬಣ್ಣದ 1969ರ ಶೆವ್ರೊಲೆ ಕ್ಯಾಮರೋ ಕಾರು. ಅಸಲಿ ಝಡ್-28 (ಕ್ಯಾಮರೋದ ಹೆಚ್ಚು ಜೋರಿನ ಮಾದರಿ), ಮ್ಯಾಚಿಂಗ್ ನಂಬರ್ಸ್, ಅಂದರೆ ಫ್ಯಾಕ್ಟರಿಯಲ್ಲಿ ಹಾಕಿದ ಇಂಜಿನ್ನೇ ಈಗಲೂ ಇದೆ ಅಂತ ಮಾರುವವನು ಹೇಳಿದ್ದಾನೆ. ಶನಿವಾರ ಅಡ್ವಾನ್ಸ್ ಕೊಡಲಾ ಅಂತ ಕೇಳಿದ್ದೀಯ. ಬೇಡ ಕಣೋ. ಟೈಪ್ ಮಾಡ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ, ಪೂರ್ತಿ ಕೇಳು.

ವಿನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ, 124379ಎನ್ ಅಂತ ಶುರುವಾಗುತ್ತದೆ ಅಲ್ವಾ? 124 ಅಂದರೆ ವಿ8 (ಎಂಟು ಸಿಲಿಂಡರಿನ) ಕ್ಯಾಮರೋ, 37 ಅಂದರೆ ಎರಡು ಬಾಗಿಲಿನ ಕೂಪೆ, 9 ಅಂದರೆ 1969, ಎನ್ ಅಂದರೆ ಒಹಾಯೋದ ನಾರ್‌ವುಡ್ ಫ್ಯಾಕ್ಟರಿ. ಅಷ್ಟೇ. ಝಡ್-28 ಹೌದೋ ಅಲ್ಲವೋ ಅಂತ ಅದು ಹೇಳುವುದೇ ಇಲ್ಲ. ಸಾಧಾರಣ 307 ಘನ ಇಂಚಿನ ಇಂಜಿನ್ ಇರುವ ಕೂಪೆಗೂ ಇವೇ ಅಂಕಿ. ಫೋರ್ಡ್ ಆಗಿದ್ದರೆ ವಿನ್‌ನ 5ನೇ ಅಕ್ಷರವೇ ಇಂಜಿನ್ ಯಾವುದು ಅಂತ ಹೇಳುತ್ತಿತ್ತು. 1967ರಿಂದ ಈಚಿನ ಫೋರ್ಡ್ ಮಸ್ಟಾಂಗ್‌ಗಾದರೆ ಫೋರ್ಡ್ ಕಂಪನಿಯ ದಾಖಲೆಯಿಂದ ತೆಗೆದ ಮಾರ್ಟಿ ರಿಪೋರ್ಟ್ ತರಿಸಬಹುದು. ಅಮೆರಿಕದಲ್ಲಿ ಮಾರಿದ ಆ ಕಾಲದ ಶೆವ್ರೊಲೆಗೆ ಆ ಅನುಕೂಲ ಇಲ್ಲ. ಅದಕ್ಕೇ ನಕಲಿ ಝಡ್-28 ಮಾಡುವವರು ಇಷ್ಟು ಜಾಸ್ತಿ.

ಫೈರ್‌ವಾಲ್ (ಇಂಜಿನ್ನಿಗೂ ಒಳಗಿನ ಸೀಟಿನ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲಿನ ಟ್ಯಾಗ್‌ನಲ್ಲಿ 04ಸಿ, ಎಕ್ಸ್77 ಅಂತ ಕಾಣುತ್ತದೆ. 04ಸಿ ಅಂದರೆ ಏಪ್ರಿಲ್ 3ನೇ ವಾರದ ಬಾಡಿ. ಎಕ್ಸ್77 ಝಡ್-28ರ ಕೋಡೇ, ನಿಜ. ಆದರೆ ಅದು ಎರಡು ರಿವೆಟ್ ಹೊಡೆದ ತಗಡು, ಹೊಸದನ್ನು ಮಾಡಿಸಿ ಹಾಕುವುದು ಕಷ್ಟವಲ್ಲ. ಅದನ್ನು ನಂಬಿ ದುಡ್ಡು ಕೊಡಬೇಡ.

ಇಂಜಿನ್ ಪ್ಯಾಡ್ ನೋಡು. ಬ್ಲಾಕ್‌ನ ಮುಂಭಾಗ, ಪ್ಯಾಸೆಂಜರ್ ಕಡೆಯ ಸಿಲಿಂಡರ್ ಹೆಡ್‌ನ ಮುಂದೆ, ಬೆರಳಗಲದ ಒಂದು ಚಪ್ಪಟೆ ಜಾಗ ಇರುತ್ತದೆ. ಬ್ರೇಕ್ ಕ್ಲೀನರ್ ಹಾಕಿ ಬಟ್ಟೆಯಲ್ಲಿ ಒರೆಸು, ಟಾರ್ಚನ್ನು ಓರೆಯಾಗಿ ಹಿಡಿ. ಕೊನೆಗೆ ಡಿಝಡ್ ಅಂತ ಇರಬೇಕು, ಅದು ಆ ವರ್ಷದ 302 ಇಂಜಿನ್ನಿನ ಗುರುತು. ಅದರ ಹಿಂದಿನ ನಾಲ್ಕು ಅಂಕಿ ಇಂಜಿನ್ ಜೋಡಿಸಿದ ತಿಂಗಳು, ದಿನ. ಕಾರಿನ ವಿನ್‌ನ ಕೊನೆಯ ಭಾಗ ಅಲ್ಲೇ ಇರಬೇಕು, ಇಲ್ಲವಾದರೆ ಆಯಿಲ್ ಫಿಲ್ಟರ್ ಹತ್ತಿರ ಹುಡುಕು. ಅಕ್ಷರಕ್ಕಿಂತ ಮುಖ್ಯ ಅದರ ಕೆಳಗಿನ ಲೋಹ. ಅಸಲಿ ಪ್ಯಾಡ್ ಮೇಲೆ ಕೂದಲೆಳೆಯಂಥ ಗೆರೆಗಳು ಮುಂದಿನಿಂದ ಹಿಂದಕ್ಕೆ ನೇರವಾಗಿ ಓಡುತ್ತವೆ. ಉಜ್ಜಿ ಮತ್ತೆ ಅಚ್ಚು ಹೊಡೆದಿದ್ದರೆ ಗೆರೆ ಅಳಿಸಿಹೋಗಿ ನುಣ್ಣಗಿರುತ್ತದೆ, ಇಲ್ಲವೇ ಸುತ್ತು ಸುತ್ತಾಗಿ ಕಾಣುತ್ತದೆ.

ಆಮೇಲೆ ಬ್ಲಾಕ್‌ನ ಹಿಂಭಾಗದಲ್ಲಿ ಎರಕದ ತಾರೀಖು. ಸಿ 18 9 ಅಂದರೆ 1969ರ ಮಾರ್ಚ್ 18. ಮೊದಲು ಎರಕ, ಆಮೇಲೆ ಇಂಜಿನ್ ಜೋಡಣೆ, ಆಮೇಲೆ ಕಾರು. ಈ ಸಾಲು ತಪ್ಪುವ ಹಾಗೇ ಇಲ್ಲ. ಏಳು ವರ್ಷದ ಹಿಂದೆ ನಾನು ಇಷ್ಟನ್ನೂ ನೋಡದೆ ಒಬ್ಬರಿಗೆ ಎರಡು ಸಾವಿರ ಡಾಲರ್ ಅಡ್ವಾನ್ಸ್ ಕೊಟ್ಟೆ. ಬಾಡಿ ಫೆಬ್ರವರಿಯದು, ಬ್ಲಾಕ್ ಎರಕ ಹೊಯ್ದದ್ದು ಮೇ ತಿಂಗಳಲ್ಲಿ. ಆ ದುಡ್ಡು ವಾಪಸ್ ಬರಲೇ ಇಲ್ಲ. ನಿಮ್ಮ ಅತ್ತೆಗೆ ಹೇಳೋಕೆ ನನಗೆ ಒಂದು ತಿಂಗಳು ಬೇಕಾಯಿತು.

ಇನ್ನೊಂದು, ಝಡ್-28ಕ್ಕೆ ಫ್ಯಾಕ್ಟರಿ ಎಸಿ ಕೊಡುತ್ತಲೇ ಇರಲಿಲ್ಲ. ಫೈರ್‌ವಾಲ್‌ನಲ್ಲಿ ಎಸಿಯ ತೂತು ಮುಚ್ಚಿದ ಗುರುತು ಕಂಡರೆ ಮಾತು ಅಲ್ಲಿಗೇ ಮುಗಿಯಿತು. ನಾಲ್ಕು ಗೇರ್ ಮ್ಯಾನ್ಯುಯಲ್, ಮುಂದೆ ಡಿಸ್ಕ್ ಬ್ರೇಕ್, ಹಿಂದೆ 12 ಬೋಲ್ಟಿನ ಆಕ್ಸಲ್ ಇರಲೇಬೇಕು. ಆದರೆ ಇವನ್ನೆಲ್ಲ ಬೇರೆ ಕಾರಿನಿಂದ ತಂದು ಹಾಕಬಹುದು.

ಕ್ಲೋನ್ (ಸಾಧಾರಣ ಕ್ಯಾಮರೋವನ್ನು ಝಡ್-28 ಥರ ಮಾಡಿದ್ದು) ಅಂದ ಮಾತ್ರಕ್ಕೆ ಕೆಟ್ಟ ಕಾರು ಅಂತಲ್ಲ. ಕ್ಲೋನ್ ಬೆಲೆಗೆ ಕೊಟ್ಟರೆ ತಗೋ, ಖುಷಿಯಾಗಿ ಓಡಿಸು. ಅಸಲಿ ಬೆಲೆ ಕೊಟ್ಟು ಕ್ಲೋನ್ ತರಬೇಡ ಅಂತಷ್ಟೇ ನನ್ನ ಹಟ.

ಶನಿವಾರ ಹೋಗು, ಚೆಕ್ ಬುಕ್ ಮನೆಯಲ್ಲೇ ಬಿಡು. ಪ್ಯಾಡ್ ಮತ್ತು ಎರಕದ ತಾರೀಖಿನ ಫೋಟೋ ಹತ್ತಿರದಿಂದ ತೆಗೆದು ಇಲ್ಲಿಗೇ ಹಾಕು. ಹೀಟರ್ ಬಾಕ್ಸ್ ಹಿಂದೆ ಫೈರ್‌ವಾಲ್ ಮೇಲೆ ಇನ್ನೊಂದು ವಿನ್ ಅಚ್ಚು ಅಡಗಿರುತ್ತದೆ. ಅದನ್ನು ಬಿಚ್ಚಿ ನೋಡೋಕೆ ಅವನು ಒಪ್ಪುತ್ತಾನಾ ಅಂತ ಕೇಳು. ಒಪ್ಪಿದರೆ ಮುಂದಿನ ವಾರ ನಾನೇ ಸ್ಪ್ಯಾನರ್ ಸೆಟ್ ಹಿಡಿದುಕೊಂಡು ಬರುತ್ತೇನೆ.