ಜಾರಿ ಬರುವ ಮೆನು: ಐಟಂ ಒತ್ತಿದ್ರೆ ಸುಮ್ಮನಿರುತ್ತೆ, ಮುಚ್ಚುವಾಗ ತಡವರಿಸುತ್ತೆ

ಪ್ರಶ್ನೆ: ನಮಸ್ಕಾರ. ಬನಶಂಕರಿಯ ಒಂದು ಅಪಾರ್ಟ್‌ಮೆಂಟ್ ಸಂಘಕ್ಕೆ ಆಂಡ್ರಾಯ್ಡ್ ಆ್ಯಪ್ ಮಾಡ್ತಿದ್ದೀವಿ. ಭಾಷೆ ಕೋಟ್ಲಿನ್, ಪರದೆಯ ವಿನ್ಯಾಸ ಎಕ್ಸ್‌ಎಮ್‌ಎಲ್ ಲೇಔಟ್ ಫೈಲುಗಳಲ್ಲಿ, ಕಂಪೋಸ್ ಅನ್ನೋ ಹೊಸ ವಿಧಾನದಲ್ಲಿ ಅಲ್ಲ. ಎಡಗಡೆ ಮೆನುವಿನಲ್ಲಿ 8 ಐಟಂ ಇದೆ: ಮೇಂಟೆನೆನ್ಸ್ ಬಿಲ್, ನೀರಿನ ಟ್ಯಾಂಕರ್, ದೂರು, ವಿಸಿಟರ್ ಪಾಸ್ ಹೀಗೆ. ಎರಡು ಐಟಂ ಒತ್ತಿದ್ರೆ ಏನೂ ಆಗಲ್ಲ. ಉಳಿದವು ಕೆಲಸ ಮಾಡುತ್ತವೆ, ಆದ್ರೆ ಮೆನು ಮುಚ್ಚುವಾಗ ಅರ್ಧದಲ್ಲಿ ಗಕ್ಕನೆ ನಿಂತು ಮತ್ತೆ ಜಾರುತ್ತೆ. ಕೆಲವು ಫೋನಲ್ಲಿ ಅಂಚಿನಿಂದ ಎಳೆದ್ರೆ ಮೆನು ಬರೋ ಬದಲು ಆ್ಯಪ್‌ನಿಂದಲೇ ಆಚೆ ಹೋಗುತ್ತೆ. ಎಲ್ಲಿ ನೋಡಬೇಕು ಸರ್?

ಉತ್ತರ: ಐಟಂ ಒತ್ತಿದಾಗ ಅದರ ಮೇಲೆ ಬೂದು ಅಲೆ ಮೂಡುತ್ತಾ ಅಂತ ಮೊದಲು ನೋಡಿ. ಎರಡು ಬೇರೆ ಬೇರೆ ದೋಷಗಳನ್ನು ಇದೊಂದೇ ಬಿಡಿಸಿ ಹೇಳುತ್ತೆ.

ಅಲೆ ಮೂಡಿ ಮೆನು ತೆರೆದೇ ಇದ್ರೆ, ಐಡಿ ಹೊಂದುತ್ತಿಲ್ಲ. ನ್ಯಾವಿಗೇಷನ್ ಕಾಂಪೊನೆಂಟ್ (ಸ್ಕ್ರೀನಿಂದ ಸ್ಕ್ರೀನಿಗೆ ಒಯ್ಯುವ ಲೈಬ್ರರಿ) ಬಳಸಿದಾಗ ಮೆನು ಫೈಲಿನ ಐಟಂ ಐಡಿಯೂ ನ್ಯಾವ್ ಗ್ರಾಫಿನ (ಸ್ಕ್ರೀನುಗಳ ನಕ್ಷೆಯ ಫೈಲಿನ) ಡೆಸ್ಟಿನೇಷನ್ ಐಡಿಯೂ, ಅಂದ್ರೆ ತೆರೆಯಬೇಕಾದ ಸ್ಕ್ರೀನಿನ ಐಡಿಯೂ, ಅಕ್ಷರಶಃ ಒಂದೇ ಇರಬೇಕು. ಇಲ್ಲದಿದ್ರೆ ಆ್ಯಪ್ ಕ್ರ್ಯಾಶ್ ಆಗಲ್ಲ, ಸುಮ್ಮನಿರುತ್ತೆ. ನಿಮ್ಮಲ್ಲಿ ಎರಡೇ ಐಟಂ ಕೈಕೊಡ್ತಿರೋದ್ರಿಂದ ಇದೇ ಇರಬೇಕು.

ಅಲೆಯೇ ಮೂಡದೆ ಹಿಂದಿನ ಪಟ್ಟಿ ಸ್ಕ್ರೋಲ್ ಆದ್ರೆ ಲೇಔಟಿನ ಕ್ರಮ ತಪ್ಪಿದೆ. ಡ್ರಾಯರ್‌ಲೇಔಟ್ (ಸ್ಕ್ರೀನನ್ನೂ ಜಾರುವ ಮೆನುವನ್ನೂ ಹಿಡಿದಿಡುವ ಹೊರಚೌಕಟ್ಟು) ಒಳಗೆ ಮುಖ್ಯ ಸ್ಕ್ರೀನ್ ಮೊದಲು, ನ್ಯಾವಿಗೇಷನ್‌ವ್ಯೂ, ಅಂದ್ರೆ ಮೆನು, ಕೊನೆಗೆ. ನ್ಯಾವಿಗೇಷನ್‌ವ್ಯೂಗೆ ಲೇಔಟ್ ಗ್ರ್ಯಾವಿಟಿ (ಯಾವ ಅಂಚಿಗೆ ಅಂಟಿರಬೇಕು ಅನ್ನೋದು) 'ಸ್ಟಾರ್ಟ್' ಇರಲೇಬೇಕು. ಬಿಟ್ಟರೆ ಅದನ್ನೂ ಮುಖ್ಯ ಸ್ಕ್ರೀನ್ ಅಂತಲೇ ಲೆಕ್ಕ ಹಾಕಿ ಪೂರ್ತಿ ಪರದೆಗೆ ಹರಡುತ್ತೆ, ಮೆನು ತೆರೆಯಲು ಹೋದ ಕೂಡಲೇ ಆ್ಯಪ್ ಬೀಳುತ್ತೆ. ಡ್ರಾಯರ್‌ಲೇಔಟಿನ ಅಗಲ, ಎತ್ತರ ಎರಡೂ ಮ್ಯಾಚ್ ಪೇರೆಂಟ್ (ಹೊರಗಿನ ಜಾಗದಷ್ಟೇ) ಇರಲಿ.

ತಡವರಿಕೆಗೆ ಕಾರಣ ಮೇನ್ ಥ್ರೆಡ್, ಅಂದ್ರೆ ಪರದೆ ಬಿಡಿಸುವ ಕೆಲಸದ ಸಾಲು; ಅದರ ಮೇಲೆ ಹೊರೆ ಜಾಸ್ತಿಯಾಗಿದೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗೋದು ಸುಮಾರು 16 ಮಿಲಿಸೆಕೆಂಡ್. ಮೆನು ಮುಚ್ಚುತ್ತಿರುವಾಗಲೇ ಹೊಸ ಫ್ರ್ಯಾಗ್ಮೆಂಟ್ (ಮುಂದಿನ ಸ್ಕ್ರೀನ್) ಹುಟ್ಟಿ, ಲೇಔಟ್ ಬಿಚ್ಚಿ, ಬಿಲ್ಲುಗಳ ಪಟ್ಟಿ ಓದತೊಡಗಿದ್ರೆ ಅಷ್ಟರಲ್ಲಿ ಮುಗಿಯಲ್ಲ. ಡೇಟಾಬೇಸ್ ಓದುವುದನ್ನು ಕೊರೂಟೀನಿಗೆ ಹಾಕಿ, ಹಿನ್ನೆಲೆಯಲ್ಲಿ ನಡೆಯಲಿ. ಹಾಗೂ ಸರಿಹೋಗದಿದ್ರೆ ಒತ್ತಿದ ಐಡಿಯನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟು, ಮೆನು ಮುಚ್ಚಲು ಹೇಳಿ, ಆನ್‌ಡ್ರಾಯರ್‌ಕ್ಲೋಸ್ಡ್ (ಮೆನು ಪೂರ್ತಿ ಮುಚ್ಚಿದ ಮೇಲೆ ಸಿಸ್ಟಮ್ ಕರೆಯುವ ಕಾಲ್‌ಬ್ಯಾಕ್) ಒಳಗೆ ನ್ಯಾವಿಗೇಟ್ ಮಾಡಿ, ಆಮೇಲೆ ಆ ವೇರಿಯಬಲ್ ನಲ್ (ಖಾಲಿ) ಮಾಡಿ. ನಲ್ ಮಾಡೋದು ಮರೆಯಬೇಡಿ: ಸುಮ್ಮನೆ ಪಕ್ಕಕ್ಕೆ ಒತ್ತಿ ಮುಚ್ಚಿದಾಗಲೂ ಅದೇ ಕಾಲ್‌ಬ್ಯಾಕ್ ಬರುತ್ತೆ, ಹಳೆಯ ಐಡಿ ಉಳಿದಿದ್ರೆ ಕೇಳದ ಸ್ಕ್ರೀನ್ ತೆರೆದುಕೊಳ್ಳುತ್ತೆ. ಐಟಂ ಒತ್ತಿದ್ದನ್ನು ಕೇಳಿಸಿಕೊಳ್ಳುವ ನಿಮ್ಮ ಲಿಸನರನ್ನು, ಮೆನುವನ್ನು ನ್ಯಾವಿಗೇಷನ್‌ಗೆ ಜೋಡಿಸುವ ಸೆಟಪ್‌ವಿತ್‌ನ್ಯಾವ್‌ಕಂಟ್ರೋಲರ್ ಕರೆದ ನಂತರವೇ ಹಾಕಿ, ಮೊದಲೇ ಹಾಕಿದ್ರೆ ಆ ಕರೆ ನಿಮ್ಮದನ್ನು ಅಳಿಸಿಹಾಕುತ್ತೆ. ವೇಗವನ್ನು ಜನರಿಗೆ ಕೊಡುವ ರಿಲೀಸ್ ಬಿಲ್ಡಿನಲ್ಲೇ ಅಳೆಯಿರಿ; ಡೀಬಗ್ ಬಿಲ್ಡ್ ನಿಧಾನವೇ.

ಅಂಚಿನ ಎಳೆತ ನಿಮ್ಮ ಕೋಡಿನ ತಪ್ಪಲ್ಲ. ಆಂಡ್ರಾಯ್ಡ್ 10ರಿಂದ ಜೆಸ್ಚರ್ ನ್ಯಾವಿಗೇಷನ್ ಹಾಕಿಕೊಂಡವರಿಗೆ ಅಂಚಿನಿಂದ ಎಳೆಯುವುದೇ ಬ್ಯಾಕ್. ಆ ಜಾಗ ಬಿಟ್ಟುಕೊಡಿ ಅಂತ ಸಿಸ್ಟಮ್ಮನ್ನು ಕೇಳಬಹುದು, ಆದ್ರೆ ಒಂದು ಅಂಚಿಗೆ ಎತ್ತರದಲ್ಲಿ 200 ಡಿಪಿ (ಆಂಡ್ರಾಯ್ಡಿನ ಪರದೆ ಅಳತೆಯ ಘಟಕ) ಮಾತ್ರ ಸಿಗುತ್ತೆ. ದಯವಿಟ್ಟು ಅದರ ಗೋಜಿಗೆ ಹೋಗಬೇಡಿ, ಜನರ ಕೈಗೆ ಬ್ಯಾಕ್ ರೂಢಿಯಾಗಿದೆ. ಮೂರು ಗೆರೆಯ ಬಟನ್ ಮೆನುವಿನ ಮುಖ್ಯ ಸ್ಕ್ರೀನುಗಳಲ್ಲೆಲ್ಲ ಕಾಣಲಿ. ಬಿಲ್, ದೂರಿನಂಥ ದಿನಬಳಕೆಯ ಮೂರ್ನಾಲ್ಕು ಐಟಂ ಕೆಳಗಿನ ಬಾರ್‌ಗೆ ಬರಲಿ. ದೂರು ಕೊಡಬೇಕಾದವರು ಮೆನು ಹುಡುಕುತ್ತಾ ಕೂರಬಾರದು.

ಮರುಪ್ರಶ್ನೆ: ಐಡಿಯೇ ತಪ್ಪಿತ್ತು ಸರ್, ಸರಿಹೋಯ್ತು. ಇನ್ನೊಂದು: ಮೆನುವಿನ ಹೆಡರ್‌ನಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿದ ಹಾಗೆ ಕಾಣ್ತಿದೆ. ಇಂಗ್ಲಿಷ್‌ನಲ್ಲಿ ಸರಿಯಾಗೇ ಇದೆ. ಹೆಡರ್ ಸ್ಟೇಟಸ್ ಬಾರ್ ಕೆಳಗೂ ನುಗ್ಗಿದೆ.

ಉತ್ತರ (ಇನ್ನೊಬ್ಬರು): ಇಂಗ್ಲಿಷ್ ಅಳತೆ ನೋಡಿ ಟೆಕ್ಸ್ಟ್‌ವ್ಯೂಗೆ (ಅಕ್ಷರ ತೋರಿಸುವ ಚೌಕಕ್ಕೆ) 20 ಡಿಪಿ ಥರ ಎತ್ತರ ಕಟ್ಟಿರ್ತೀರಿ, ಇಲ್ಲಾ ಅಕ್ಷರದ ಮೇಲೆ-ಕೆಳಗೆ ಜಾಗ ಬಿಡುವ ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್ ಫಾಲ್ಸ್ ಮಾಡಿರ್ತೀರಿ. ಎತ್ತರ ರ‍್ಯಾಪ್ ಕಂಟೆಂಟ್ (ಒಳಗಿನ ಅಕ್ಷರಕ್ಕೆ ಬೇಕಾದಷ್ಟು) ಮಾಡಿ, ಪ್ಯಾಡಿಂಗ್ ವಾಪಸ್ ಟ್ರೂ ಮಾಡಿ. 'ಸ್ವಾತಂತ್ರ್ಯ' ಅಂತ ಬರೆದು ಪರೀಕ್ಷಿಸಿ: 'ತ್ರ್ಯ'ದಲ್ಲಿ ಎರಡು ಒತ್ತು ಇವೆ, ಅದು ಪೂರ್ತಿ ಕಂಡರೆ ಬೇರೆಯವೂ ಕಾಣುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿಯೂ ನೋಡಿ. ಆಂಡ್ರಾಯ್ಡ್ 14ರಲ್ಲಿ ಶೇ. 200ರವರೆಗೆ ಹೋಗುತ್ತೆ, ಸಂಘದ ಹಿರಿಯರು ದೊಡ್ಡಕ್ಷರವನ್ನೇ ಇಟ್ಟುಕೊಂಡಿರ್ತಾರೆ. ಐಟಂ ಹೆಸರು ಒಂದೇ ಸಾಲಿಗೆ ಹಿಡಿಯದಿದ್ರೆ ಕೊನೆಗೆ ಮೂರು ಚುಕ್ಕಿ ಬೀಳುತ್ತೆ, ಆದ್ದರಿಂದ 'ನೀರಿನ ಟ್ಯಾಂಕರ್ ಬುಕಿಂಗ್' ಬದಲು 'ಟ್ಯಾಂಕರ್' ಸಾಕು.

ಸ್ಟೇಟಸ್ ಬಾರ್ ವಿಷಯ: ಟಾರ್ಗೆಟ್ ಎಸ್‌ಡಿಕೆ (ಯಾವ ಆಂಡ್ರಾಯ್ಡ್ ಆವೃತ್ತಿಗೆ ಆ್ಯಪ್ ಮಾಡಿದ್ದೀರಿ ಅನ್ನೋ ಸಂಖ್ಯೆ) 35 ಮಾಡಿದ್ರೆ ಆಂಡ್ರಾಯ್ಡ್ 15ರಲ್ಲಿ ಆ್ಯಪ್ ಅಂಚಿನಿಂದ ಅಂಚಿಗೆ ಹರಡಲೇಬೇಕು. ಹೆಡರಿಗೆ 24 ಡಿಪಿ ಅಂತ ಕೈಯಾರೆ ಪ್ಯಾಡಿಂಗ್ ಕೊಡಬೇಡಿ, ಕ್ಯಾಮೆರಾ ತೂತಿರುವ ಫೋನಲ್ಲಿ ಸಾಲದು. ಸಿಸ್ಟಮ್ ಬಾರ್‌ಗಳು ಎಷ್ಟು ಜಾಗ ಹಿಡಿದಿವೆ ಅಂತ ಹೇಳುವ ವಿಂಡೋ ಇನ್‌ಸೆಟ್ಸ್‌ನಿಂದ ಸ್ಟೇಟಸ್ ಬಾರಿನ ಎತ್ತರ ತೆಗೆದುಕೊಂಡು ಹೆಡರಿನ ಮೇಲಿನ ಪ್ಯಾಡಿಂಗಿಗೆ ಹಾಕಿ.

ಮರುಪ್ರಶ್ನೆ: ಮೆನು ತೆರೆದಿರುವಾಗ ಬ್ಯಾಕ್ ಒತ್ತಿದ್ರೆ ಮೆನು ಮಾತ್ರ ಮುಚ್ಚಬೇಕು. ಅದಕ್ಕೆ ಬ್ಯಾಕ್ ಒತ್ತಿದಾಗ ಓಡುವ ಆನ್‌ಬ್ಯಾಕ್‌ಪ್ರೆಸ್ಡ್ ಫಂಕ್ಷನ್ ಓವರ್‌ರೈಡ್ ಮಾಡಿದ್ದೀವಿ (ನಮ್ಮ ಕೋಡ್ ಹಾಕಿದ್ದೀವಿ), ಸಾಕಾ?

ಉತ್ತರ: ಸಾಲದು. ಟಾರ್ಗೆಟ್ 36 ಆದ ಮೇಲೆ ಆಂಡ್ರಾಯ್ಡ್ 16ರಲ್ಲಿ ಅದನ್ನು ಸಿಸ್ಟಮ್ ಕರೆಯುವುದೇ ಇಲ್ಲ. ಬ್ಯಾಕ್ ಒತ್ತಿದ್ದನ್ನು ಹಂಚುವ ಆನ್‌ಬ್ಯಾಕ್‌ಪ್ರೆಸ್ಡ್‌ಡಿಸ್ಪ್ಯಾಚರ್‌ಗೆ ಮೆನು ಮುಚ್ಚುವ ಒಂದು ಕಾಲ್‌ಬ್ಯಾಕ್ ಸೇರಿಸಿ. ಶುರುವಿಗೆ ಡಿಸೇಬಲ್ ಇರಲಿ, ಮೆನು ತೆರೆದಾಗ ಎನೇಬಲ್, ಮುಚ್ಚಿದಾಗ ಮತ್ತೆ ಡಿಸೇಬಲ್. ಸದಾ ಎನೇಬಲ್ ಬಿಟ್ಟರೆ ಮೆನು ಮುಚ್ಚಿದ್ದಾಗಲೂ ಬ್ಯಾಕನ್ನು ಅದೇ ನುಂಗಿಬಿಡುತ್ತೆ.